ಬಾಲವಿಲ್ಲದ ಅಕ್ಷರಗಳ ಗೋಡೆ

ಆ ಊರಿನಲ್ಲಿ ಯಾರೂ ಯಾರನ್ನೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಹೆಸರೇ ಇರಲಿಲ್ಲವೆಂದು ತಿಳಿಯಬಾರದು, ಒಬ್ಬೊಬ್ಬರಿಗೂ ಒಂದೊಂದು ಹೆಸರಿತ್ತು. ಆದರೆ ಹೆಸರು ಇರಬೇಕಾದ್ದು ಗೋಡೆಯ ಮೇಲೆ, ಬಾಯಲ್ಲಿ ಅಲ್ಲ ಎಂಬುದು ಅಲ್ಲಿಯ ಕಟ್ಟಳೆ. ಬಾಯಲ್ಲಿ ಅಮ್ಮ, ಮಾವ, ರೊಟ್ಟಿಯವಳು, ಹಗ್ಗದವನು. ಗೋಡೆಯ ಮೇಲೆ ಮಾತ್ರ ಹೆಸರು.

ಯಾಕೆ ಹೀಗೆ ಎಂದು ಹೇಳಬೇಕಾದರೆ ಮೊದಲು ಮಂಜಿನ ವಿಷಯ ಹೇಳಬೇಕು.

ಊರು ಇದ್ದದ್ದು ಬೆಟ್ಟದ ಹೆಗಲ ಮೇಲೆ. ಕೆಳಗೆ ಕಣಿವೆ, ಕಣಿವೆಯ ತುಂಬ ಮಂಜು. ಬಿಸಿಲು ಎಷ್ಟೇ ಏರಿದರೂ ಆ ಮಂಜು ಕರಗುತ್ತಿರಲಿಲ್ಲ, ಹಾಲು ತುಂಬಿದ ಪಾತ್ರೆಯಂತೆ ಕಣಿವೆ ಯಾವಾಗಲೂ ಬೆಳ್ಳಗೆ ತುಂಬಿರುತ್ತಿತ್ತು. ಊರಿನಲ್ಲಿ ಬಾವಿ ಇಲ್ಲ, ಕೆರೆ ಇಲ್ಲ, ಹೊಳೆ ಇಲ್ಲ. ನೀರು ಬೇಕೆಂದರೆ ಮಂಜಿಗೆ ಇಳಿಯಬೇಕು. ಬೆಳಗಾದರೆ ಗಟ್ಟಿಮುಟ್ಟಾದವರೆಲ್ಲ ಬಟ್ಟೆಯ ಸುರುಳಿಗಳನ್ನು ಹೆಗಲಿಗೇರಿಸಿ ಇಳಿಯುವರು. ನೆಟ್ಟ ಗಳುಗಳ ನಡುವೆ ಬಟ್ಟೆ ಹರಡುವರು. ಬಟ್ಟೆ ನೆನೆಯುವುದು. ನೆನೆದ ಬಟ್ಟೆಯನ್ನು ಹಿಂಡುವರು, ಕೊಡಗಳು ತುಂಬುವುವು. ಮತ್ತೆ ಹರಡುವರು, ಮತ್ತೆ ಹಿಂಡುವರು. ಸಂಜೆಗೆ ಹತ್ತಿ ಬರುವರು.

ಮಂಜು ನೀರು ಕೊಡುತ್ತಿತ್ತು, ನೆನಪು ತೆಗೆದುಕೊಳ್ಳುತ್ತಿತ್ತು. ಇದೇ ಆ ಊರಿನ ವಿಚಿತ್ರ. ಇಳಿದವನಿಗೆ ಹಿಂಡುವ ಕೈ ಮಾತ್ರ ಉಳಿಯುತ್ತಿತ್ತು. ತಾನು ಯಾರು, ಮನೆ ಎಲ್ಲಿ, ಮನೆಯಲ್ಲಿ ಕಾಯುತ್ತಿರುವವರು ಯಾರು ಎಂಬುದೆಲ್ಲ ಬಟ್ಟೆಯ ನೀರಿನ ಜೊತೆ ಸೋರಿಹೋಗುತ್ತಿತ್ತು. ಸಂಜೆ ಅವನು ತಲೆಯೆತ್ತಿ ನೋಡಬೇಕು. ಮೇಲೆ, ಬೆಟ್ಟದ ಅಂಚಿನಲ್ಲಿ, ಸುಣ್ಣದ ಕಲ್ಲಿನ ಗೋಡೆ. ಗೋಡೆಯಲ್ಲಿ ತನ್ನ ಹೆಸರು. ಅದನ್ನು ಓದಿದೊಡನೆ ಎಲ್ಲ ಮರಳಿ ಬರುವುದು, ಅವನು ಮನೆಗೆ ಬರುವನು. ಯಾರಾದರೂ ಮೇಲಿನಿಂದ ಹೆಸರು ಕೂಗಿದರೆ ಸಾಲದೇ ಎಂದು ಕೇಳಬಹುದು. ಸಾಲದು. ಹೆಸರನ್ನು ಎಂದೂ ಕೇಳಿರದ ಕಿವಿಗೆ ಅದು ಬರೀ ಸದ್ದು.

ತನ್ನ ಹೆಸರನ್ನೇ ಮರೆತವನಿಗೆ ಅಷ್ಟು ಹೆಸರುಗಳ ನಡುವೆ ತನ್ನದು ಯಾವುದೆಂದು ಗೊತ್ತಾಗುವುದು ಹೇಗೆ? ಅದಕ್ಕೇ ಮುಟ್ಟುವ ಶಾಸ್ತ್ರ. ಬೆಳಿಗ್ಗೆ ಇಳಿಯುವ ಮುಂಚೆ ಪ್ರತಿಯೊಬ್ಬರೂ ಗೋಡೆಯ ಮುಂದೆ ನಿಂತು ತಮ್ಮ ಹೆಸರಿನ ಮೇಲೆ ಅಂಗೈ ಊರುತ್ತಿದ್ದರು. ಮೇಲಿನ ಸಾಲಿನವರು ಏಣಿ ಹತ್ತಿ ಊರುತ್ತಿದ್ದರು. ಮಂಜು ತಲೆಯೊಳಗಿನದನ್ನು ಒಯ್ಯಬಲ್ಲದು, ಅಂಗೈಯೊಳಗಿನದನ್ನು ಒಯ್ಯಲಾರದು. ಸಂಜೆ ಕೆಳಗಿನಿಂದ ನೋಡುವಾಗ ಅಂಗೈ ತಾನಾಗಿ ಏಳುತ್ತಿತ್ತು, ಗೋಡೆಯ ಒಂದು ಜಾಗಕ್ಕೆ ನೇರವಾಗಿ ಚಾಚುತ್ತಿತ್ತು. ಆ ಜಾಗದಲ್ಲಿ ಏನು ಬರೆದಿದೆಯೋ ಅದೇ ಅವರ ಹೆಸರು.

ಆದ್ದರಿಂದ ಆ ಗೋಡೆಯಲ್ಲಿ ಜಾಗವೇ ಎಲ್ಲ. ಗೋಡೆಯನ್ನು ಕಟ್ಟಿದ್ದು ಒಂದೇ ಅಗಲದ ಚೌಕ ಕಲ್ಲುಗಳಿಂದ. ಒಂದು ಅಕ್ಷರಕ್ಕೆ ಒಂದು ಚೌಕ. ಹೆಸರು ಹೆಸರಿನ ನಡುವೆ ಒಂದು ಖಾಲಿ ಚೌಕ. ಕೆಳಗಿನ ಚೌಕದ ಮೇಲೆ ಮೇಲಿನ ಚೌಕ, ಪಕ್ಕದ್ದಕ್ಕೆ ಒತ್ತಿ ಪಕ್ಕದ್ದು. ಅಡ್ಡ ನೋಡಿದರೂ ನೇರ, ಉದ್ದ ನೋಡಿದರೂ ನೇರ, ಮಗ್ಗದ ಮೇಲಿನ ಹಾಸುಹೊಕ್ಕಿನ ಹಾಗೆ.

ಈ ಚೌಕಗಳಲ್ಲಿ ಅಕ್ಷರ ಕೊರೆಯುತ್ತಿದ್ದವಳು ಒಬ್ಬಳೇ. ಅವಳನ್ನು ಊರು ಕೆತ್ತುವವಳು ಎನ್ನುತ್ತಿತ್ತು. ಅವಳ ತಾಯಿ ಕೆತ್ತುತ್ತಿದ್ದಳು, ತಾಯಿಯ ತಾಯಿಯೂ ಕೆತ್ತುತ್ತಿದ್ದಳು. ಅವರಿಂದ ಬಂದದ್ದು ಒಂದು ಉಳಿ, ಒಂದು ಸುತ್ತಿಗೆ ಮತ್ತು ಕಲ್ಲಿಗೆ ಹೇಳಬೇಕಾದ ಒಂದು ಮಾತು. ಪ್ರತಿ ಅಕ್ಷರ ಶುರು ಮಾಡುವಾಗ ಅವಳು ಕಲ್ಲಿನ ಮೇಲೆ ಬಾಗಿ, ಮಲಗಿದ ಮಗುವಿನ ಕಿವಿಯಲ್ಲಿ ಹೇಳುವ ಹಾಗೆ ಅದನ್ನು ಹೇಳುತ್ತಿದ್ದಳು:

"ದಪ್ಪಗಿರು. ಬಾಲ ಬಿಡಬೇಡ. ನಿನ್ನ ಚೌಕದಲ್ಲೇ ನಿಲ್ಲು."

ದಪ್ಪಗಿರು ಎಂದರೆ, ನಾಲ್ಕು ಬೆರಳು ಕೂಡಿಸಿದಷ್ಟು ದಪ್ಪದ ಗೆರೆ. ತೆಳುವಾದ ಗೆರೆಯನ್ನು ಮಂಜು ನುಂಗುತ್ತದೆ. ಗೆರೆ ಎಲ್ಲೂ ಉಬ್ಬಬಾರದು, ಎಲ್ಲೂ ಸಣ್ಣಗಾಗಬಾರದು, ಹೊರಟಲ್ಲಿಂದ ಮುಟ್ಟುವವರೆಗೆ ಒಂದೇ ದಪ್ಪ. ಬಾಲ ಬಿಡಬೇಡ ಎಂದರೆ, ಗೆರೆ ಮುಗಿಯುವಲ್ಲಿ ಕೊಕ್ಕೆಯಾಗಲಿ ಸುರುಳಿಯಾಗಲಿ ಬೇಡ, ಬೆಣ್ಣೆಯನ್ನು ಚಾಕುವಿನಿಂದ ಕತ್ತರಿಸಿದಂತೆ ಮೊಟಕಾಗಿ ನಿಲ್ಲಲಿ. ತಲೆಕಟ್ಟು ಕೂಡ ಪಾತ್ರೆಯ ಮುಚ್ಚಳದಂತೆ ಚಪ್ಪಟೆಯಾಗಿ ಕೂರಲಿ. ನಿನ್ನ ಚೌಕದಲ್ಲೇ ನಿಲ್ಲು ಎಂದರೆ, ಯಾವ ಅಕ್ಷರವೂ ಪಕ್ಕದವರ ಜಾಗ ಕೇಳಬಾರದು, ತನ್ನ ಜಾಗ ಬಿಟ್ಟುಕೊಡಲೂ ಬಾರದು.

ಕೇಳುವುದಕ್ಕೆ ಸುಲಭ, ಮಾಡುವುದಕ್ಕೆ ಕಷ್ಟ. ಯಾಕೆಂದರೆ ಅಕ್ಷರಗಳು ಹುಟ್ಟಿನಿಂದ ಒಂದೇ ಅಗಲದವಲ್ಲ. ಗ ಎಂಬುದು ಬಡಕಲು, ಅದು ಕಾಲು ಅಗಲಿಸಿ ಗಟ್ಟಿಯಾಗಿ ನಿಲ್ಲುವಂತೆ ಮಾಡಬೇಕು. ಝ ಎಂಬುದು ಹರಡಿಕೊಂಡು ಕೂರುವ ಜಾತಿ, ಅದು ಹೊಟ್ಟೆ ಎಳೆದುಕೊಳ್ಳುವಂತೆ ಮಾಡಬೇಕು. ಒತ್ತಕ್ಷರವಿದ್ದರೆ ಅದು ತಾಯಿಯ ಕಾಲ ಬಳಿ ಕೂತ ಮಗುವಿನಂತೆ ಕೆಳಗೆ ಮುದುಡಿಕೊಳ್ಳಬೇಕು, ಆದರೂ ದೂರಕ್ಕೆ ಕಾಣಬೇಕು. ಎಲ್ಲಕ್ಕಿಂತ ಕಷ್ಟ ಅಕ್ಷರದ ಕಣ್ಣು. ಠ ಇದೆ, ಅದರ ನಡುವೆ ಒಂದು ಬಯಲಿದೆ, ಅದೇ ಅದರ ಕಣ್ಣು. ಗೆರೆಯನ್ನು ದಪ್ಪ ಮಾಡುತ್ತ ಹೋದಂತೆ ಕಣ್ಣು ಮುಚ್ಚುತ್ತ ಹೋಗುತ್ತದೆ. ಕಣ್ಣು ಮುಚ್ಚಿದ ಅಕ್ಷರ ದೂರದಿಂದ ಬರೀ ಮಸಿಯ ಮುದ್ದೆ. ಆದ್ದರಿಂದ ದಪ್ಪ ಮಾಡುತ್ತಲೇ ಕಣ್ಣು ಬಿಡಿಸಬೇಕು. ಕೊರೆದು ಮುಗಿದ ಮೇಲೆ ಹಳ್ಳಕ್ಕೆ ಕಾಡಿಗೆ ಬೆರೆಸಿದ ಅರಗು ತುಂಬಿದರೆ, ಬಿಳಿಯ ಕಲ್ಲಿನ ಮೇಲೆ ಕಪ್ಪು ಅಕ್ಷರ ಎದ್ದು ನಿಲ್ಲುತ್ತಿತ್ತು.

ಇನ್ನೊಂದು ವಿಷಯವನ್ನು ಇಲ್ಲೇ ಹೇಳಿಬಿಡಬೇಕು, ಮುಂದಿನದೆಲ್ಲ ಅದರಿಂದಲೇ ಆದದ್ದು. ಕೆತ್ತುವವಳು ಮಂಜಿಗೆ ಇಳಿಯುವ ಹಾಗಿರಲಿಲ್ಲ. ಕೆತ್ತುವವಳೇ ಮರೆತರೆ ಊರಿಗೆ ಅಕ್ಷರವೇ ಇಲ್ಲವಾಗುತ್ತದೆ ಎಂಬ ಭಯ. ಹಾಗಾಗಿ ಅವಳ ಹೆಸರು ಗೋಡೆಯಲ್ಲಿರಲಿಲ್ಲ. ಹಾಗಾಗಿಯೇ ಅವಳು ಗೋಡೆಯನ್ನು ಒಮ್ಮೆಯೂ ಕೆಳಗಿನಿಂದ ನೋಡಿರಲಿಲ್ಲ. ತನ್ನ ಅಕ್ಷರಗಳನ್ನು ಅವಳು ಕಂಡದ್ದೆಲ್ಲ ಒಂದು ಮೊಳದ ದೂರದಿಂದ.

ಅವಳಿಗೆ ಒಬ್ಬಳೇ ಮಗಳು.

ಆ ಊರಿನಲ್ಲಿ ಮಗು ಹುಟ್ಟಿದ ದಿನವೇ ಅದರ ಹೆಸರಿಗೆಂದು ಗೋಡೆಯಲ್ಲಿ ಖಾಲಿ ಚೌಕಗಳನ್ನು ಕೊಡುತ್ತಿದ್ದರು. ಈ ಮಗಳಿಗೂ ಕೊಟ್ಟಿದ್ದರು, ಗೋಡೆಯ ನಡುವಿನ ಸಾಲಿನಲ್ಲಿ ನಾಲ್ಕು ಚೌಕ. ಅಮ್ಮ ಕೆಲಸ ಮಾಡುವಾಗ ಮಗಳು ಆ ಖಾಲಿ ಕಲ್ಲುಗಳ ಹತ್ತಿರವೇ ಆಡುತ್ತಿದ್ದಳು. ಮೊದಲು ಅಮ್ಮನ ಸೊಂಟದ ಮೇಲೆ ಕೂತು ಮುಟ್ಟುತ್ತಿದ್ದಳು, ಆಮೇಲೆ ತುದಿಗಾಲಲ್ಲಿ ನಿಂತು ಮುಟ್ಟುತ್ತಿದ್ದಳು. ಕೈ ಒಗ್ಗರಣೆಯ ಎಣ್ಣೆಯದಾಗಲಿ ಮಣ್ಣಿನದಾಗಲಿ, ಬಂದು ಮೊದಲ ಚೌಕಕ್ಕೆ ಒರೆಸುತ್ತಿದ್ದಳು. ಮುಟ್ಟಿ ಮುಟ್ಟಿ ಆ ಕಲ್ಲಿನ ನಡುವೆ ಅಂಗೈಯಷ್ಟು ಜಾಗ ನುಣ್ಣಗೆ ಸವೆದು ಸಣ್ಣ ತಗ್ಗಾಗಿತ್ತು.

ಉಳಿ ಇನ್ನೂ ಅಮ್ಮನ ಕೈಯಲ್ಲೇ ಇದ್ದುದರಿಂದ, ಮಗಳ ಅಂಗೈ ಅಮ್ಮನ ಅಂಗೈಯಷ್ಟಾದಾಗ ಅವಳೂ ಎಲ್ಲರಂತೆ ಮಂಜಿಗೆ ಇಳಿಯಬೇಕು. ಅದೂ ಕಟ್ಟಳೆ. ಒಂದು ದಿನ ಇಬ್ಬರೂ ಅಂಗೈಗೆ ಅಂಗೈ ಹಚ್ಚಿ ನೋಡಿದರು. ಬೆರಳಿಗೆ ಬೆರಳು ಸರಿಯಾಗಿತ್ತು.

"ನಿನ್ನ ಕೈ ಊದಿಕೊಂಡಿದೆ ಬಿಡು," ಎಂದಳು ಕೆತ್ತುವವಳು. "ಇನ್ನೂ ಆಗಿಲ್ಲ."

"ಅಮ್ಮಾ, ಹೋದ ಸಾರಿಯೂ ಇದನ್ನೇ ಹೇಳಿದೆ. ಆಗ ಬೆರಳು ಸೆಟೆದುಕೊಂಡಿದೆ ಅಂದೆ. ನನ್ನ ಜೊತೆಯವರೆಲ್ಲ ಇಳಿದಾಯಿತು. ನಾನು ಮಾತ್ರ ಇಲ್ಲಿ ನಿನ್ನ ಅರಗು ಕಲಸುತ್ತಾ ಇದ್ದೀನಿ. ನಗ್ತಾರೆ."

"ನಗಲಿ. ಹಲ್ಲು ಒಣಗುತ್ತೆ."

"ನನ್ನ ಹೆಸರನ್ನು ನಾನು ನೋಡಬೇಕಲ್ಲ," ಎಂದಳು ಮಗಳು.

ಅಮ್ಮ ಕೈ ಹಿಂದಕ್ಕೆಳೆದುಕೊಂಡಳು. ಆ ಊರಿನಲ್ಲಿ ತನ್ನ ಹೆಸರನ್ನು ಮೊದಲ ಬಾರಿಗೆ ನೋಡುವುದು ಕೆಳಗಿನಿಂದಲೇ. ಮೊದಲ ಸಲ ಇಳಿಯುವವರು ಬೆಳಿಗ್ಗೆ ತಮ್ಮ ಖಾಲಿ ಚೌಕವನ್ನೇ ಮುಟ್ಟಿ ಹೋಗುತ್ತಾರೆ. ಎಲ್ಲರೂ ಇಳಿದ ಮೇಲೆ ಖಾಲಿ ಕಲ್ಲು ತೆಗೆದು ಅಕ್ಷರದ ಕಲ್ಲು ಕೂರಿಸುತ್ತಾರೆ. ಸಂಜೆ ತಲೆಯೆತ್ತಿದಾಗ ಅಲ್ಲಿ ಹೆಸರು ಇರುತ್ತದೆ.

ಕೆತ್ತುವವಳು ಮಗಳ ಹೆಸರನ್ನು ಕೊರೆಯಲು ಕೂತಳು. ಕಲ್ಲಿನ ಮೇಲೆ ಬಾಗಿದಳು. ಹೇಳಬೇಕಾದ ಮಾತು ಶುರು ಮಾಡುವ ಮೊದಲೇ ಉಳಿಯನ್ನು ಕೆಳಗಿಟ್ಟಳು. ಊರಿನ ಎಲ್ಲರಿಗೂ ಹೇಳಿದ ಮಾತನ್ನೇ ಇವಳಿಗೂ ಹೇಳುವುದೇ? ಎಲ್ಲರ ಅಕ್ಷರದ ಹಾಗೆಯೇ ಇವಳ ಅಕ್ಷರವೂ ಮೊಟಕಾಗಿ, ಮುಚ್ಚಳ ಹಾಕಿದ ಪಾತ್ರೆಯ ಹಾಗೆ ಕೂತರೆ, ಅಷ್ಟು ಹೆಸರುಗಳ ನಡುವೆ ನನ್ನ ಮಗಳಿಗೆ ತನ್ನದು ಹೇಗೆ ಕಾಣಬೇಕು? ಹೀಗೆ ಅವಳು ಯೋಚಿಸಿದಳು. ಕೆಟ್ಟ ಯೋಚನೆಯಲ್ಲ, ತಾಯಿಯ ಯೋಚನೆ.

ಅವಳು ಸ್ವಲ್ಪ ಅಗಲವಾದ ಕಲ್ಲುಗಳನ್ನು ಆರಿಸಿದಳು. ಕಾಲು ಭಾಗದಷ್ಟು ಮಾತ್ರ ಹೆಚ್ಚು ಅಗಲ. ಅಕ್ಷರಕ್ಕೆ ಕೈಕಾಲು ಚಾಚಲು ಜಾಗ ಬೇಕಲ್ಲ ಎಂದುಕೊಂಡಳು. ಗೆರೆಯನ್ನು ಒಂದು ಕಡೆ ಮೈದುಂಬಿಸಿ ಇನ್ನೊಂದು ಕಡೆ ನೂಲಿನಂತೆ ತೆಳ್ಳಗೆ ಎಳೆದಳು. ಗೆರೆ ಮುಗಿಯುವಲ್ಲಿ ಒಂದು ಬಾಲ, ಬಾಲದ ತುದಿಯಲ್ಲಿ ಕುಂಬಳದ ಬಳ್ಳಿಯಂಥ ಸುರುಳಿ. ನಾಲ್ಕು ಅಕ್ಷರಕ್ಕೂ ಹಾಗೇ ಮಾಡಿದಳು. ಅವಳ ಉಳಿ ಎಂದೂ ಅಷ್ಟು ಹಗುರವಾಗಿ ಓಡಿರಲಿಲ್ಲ. ಮುಗಿದ ಮೇಲೆ ಒಂದು ಮೊಳದ ದೂರದಿಂದ ನೋಡಿದಳು. ಅಷ್ಟು ಚಂದದ ಅಕ್ಷರ ಆ ಊರಿನಲ್ಲಿ ಹುಟ್ಟಿರಲಿಲ್ಲ. ಕಲ್ಲಿಗೆ ಹೇಳಬೇಕಾದ ಮಾತನ್ನು ಹೇಳಿರಲಿಲ್ಲ ಎಂಬುದು ಅವಳಿಗೆ ಮರೆತೇಹೋಯಿತು.

ಮಗಳು ಇಳಿಯುವ ಬೆಳಿಗ್ಗೆ ಬಂತು. ಮಗಳು ಸವೆದ ಚೌಕದ ಮೇಲೆ ಅಂಗೈ ಊರಿದಳು, ಬಟ್ಟೆಯ ಸುರುಳಿ ಹೆಗಲಿಗೇರಿಸಿದಳು, ಮೆಟ್ಟಿಲಿಳಿದಳು. ಮೊದಲು ಕಾಲು ಬೆಳ್ಳಗಾಯಿತು, ಆಮೇಲೆ ಸೊಂಟ, ಆಮೇಲೆ ಜಡೆ.

ಎಲ್ಲರೂ ಇಳಿದ ಮೇಲೆ ಹಗ್ಗದವನು ಬಂದ. ಅವನು ಮುದುಕ. ಗೋಡೆಯ ಕಲ್ಲುಗಳನ್ನು ಹಗ್ಗ ಕಟ್ಟಿ ಇಳಿಸುವುದು, ಏರಿಸುವುದು, ಕೂರಿಸುವುದು ಅವನ ಕೆಲಸ. ನಾಲ್ಕು ಖಾಲಿ ಕಲ್ಲುಗಳನ್ನು ಇಳಿಸಿ ಕೆತ್ತುವವಳ ಅಂಗಳಕ್ಕೆ ಸಾಗಿಸಿದ. ಹೊಸ ಕಲ್ಲುಗಳನ್ನು ನೋಡಿ ಹುಬ್ಬೇರಿಸಿದ.

"ಅಮ್ಮಣ್ಣೀ, ಇದೇನಿದು, ಅಕ್ಷರವೋ ಹಾಗಲಬಳ್ಳಿಯೋ?"

"ಚೆನ್ನಾಗಿಲ್ಲವಾ ಮಾವ?"

"ಚೆನ್ನಾಗಿದೆ. ಮದುವೆ ಚಪ್ಪರಕ್ಕೆ ಕಟ್ಟಬಹುದು." ಒಂದು ಕಲ್ಲನ್ನು ಎತ್ತಿ ಇಟ್ಟ, ಮತ್ತೆ ತೆಗೆದ. "ಕೂರುತ್ತಿಲ್ಲವಲ್ಲ. ಅಗಲ ಹೆಚ್ಚು."

"ಪಕ್ಕದ್ದನ್ನು ಸ್ವಲ್ಪ ತಳ್ಳು ಮಾವ."

"ತಳ್ಳಿದರೆ ಅದು ಅದರ ಪಕ್ಕದ್ದನ್ನು ತಳ್ಳುತ್ತೆ. ಅದು ಇನ್ನೊಂದನ್ನು. ಕಲ್ಲಿಗೇನು, ಸರತಿಯಲ್ಲಿ ನಿಂತ ಜನದ ಹಾಗೆ, ಹಿಂದಿನವನು ನೂಕಿದರೆ ಮುಂದಿನವನು ಮುಗ್ಗರಿಸುತ್ತಾನೆ."

"ನನ್ನ ಮಗಳ ಮೊದಲ ದಿನ ಮಾವ."

ಹಗ್ಗದವನು ಅವಳ ಮುಖ ನೋಡಿದ. ಅವಳು ಸೊಂಟದ ಮೇಲಿದ್ದ ಮಗುವನ್ನು ಗೋಡೆ ಮುಟ್ಟಿಸುತ್ತಿದ್ದುದನ್ನು ಅವನೂ ಕಂಡವನೇ. "ಆಯಿತು. ನೀನು ಕೆತ್ತುವವಳು, ನಾನು ಹಗ್ಗ ಎಳೆಯುವವನು," ಎಂದು ತಳ್ಳಿದ.

ಏನಾಯಿತೆಂದು ಬಿಡಿಸಿ ಹೇಳುವುದಾದರೆ ಹೀಗೆ. ಒಂದೊಂದು ಕಲ್ಲು ಕಾಲು ಭಾಗ ಹೆಚ್ಚು ಜಾಗ ತಿಂದಿತು. ನಾಲ್ಕು ಕಾಲು ಸೇರಿ ಒಂದು ಚೌಕವಾಯಿತು. ಸಾಲಿನ ಕೊನೆಯ ಕಲ್ಲಿಗೆ ಜಾಗವೇ ಉಳಿಯದೆ ಕೆಳಗಿನ ಸಾಲಿನ ಮೊದಲಿಗೆ ಹೋಯಿತು. ಆ ಸಾಲು ಒಂದು ಚೌಕ ಸರಿಯಿತು, ಅದರ ಕೊನೆಯ ಕಲ್ಲು ಮತ್ತೂ ಕೆಳಕ್ಕೆ ಹೋಯಿತು. ಹೀಗೆ ಗೋಡೆಯ ಕೆಳಗಿನ ಅರ್ಧವೆಲ್ಲ ಒಂದೊಂದು ಚೌಕ ಪಕ್ಕಕ್ಕೆ ಸರಿದು ಕೂತಿತು. ಹತ್ತಿರದಿಂದ ನೋಡುವವರಿಗೆ ಏನೂ ಕೆಟ್ಟಂತೆ ಕಾಣಲಿಲ್ಲ. ಕೆತ್ತುವವಳು ಸುರುಳಿಗಳನ್ನೇ ನೋಡುತ್ತ ನಿಂತಿದ್ದಳು.

ಸಂಜೆ ಜನ ಹತ್ತಿ ಬಂದರು.

ಮೇಲಿನ ಸಾಲುಗಳವರು ನೆಟ್ಟಗೆ ಮನೆ ಸೇರಿದರು. ಕೆಳಗಿನವರು ಮಾತ್ರ ಬಂದ ರೀತಿಯೇ ಬೇರೆ. ಅವರ ಅಂಗೈ ಚಾಚಿದ ಜಾಗದಲ್ಲಿ ಪಕ್ಕದವರ ಹೆಸರಿನ ತುಣುಕು, ತಮ್ಮ ಹೆಸರಿನ ತುಣುಕು ಕಲಸಿಕೊಂಡಿತ್ತು. ಓದಿದವರು ಅರ್ಧ ತಾವಾಗಿ, ಅರ್ಧ ನೆರೆಯವರಾಗಿ ಬಂದಿದ್ದರು. ಚಪ್ಪಲಿ ಹೊಲಿಯುವವನು ಮನೆಗೆ ಬಂದವನೇ ಒಂದು ಜೋಡಿ ಚಪ್ಪಲಿಗೆ ಹಿಟ್ಟು ಸವರಿ, ತಟ್ಟಿ, ಕಾದ ಹೆಂಚಿನ ಮೇಲೆ ಹಾಕಿದ. ಪಕ್ಕದ ಮನೆಯಲ್ಲಿ ರೊಟ್ಟಿಯವಳು ರೊಟ್ಟಿಯ ಅಂಚಿಗೆ ದಾರ ಪೋಣಿಸಿ ಹೊಲಿಯುತ್ತ ಕೂತಳು.

"ಏ ಪುಣ್ಯಾತ್ಮ, ಏನು ಮಾಡ್ತಿದ್ದೀಯ?" ಎಂದು ಕೂಗಿದಳು ಚಪ್ಪಲಿಯವನ ಹೆಂಡತಿ.

"ಮಗುಚಿ ಹಾಕ್ತೀನಿ ಇರು, ಒಂದು ಕಡೆ ಬೆಂದಿದೆ," ಎಂದ ಅವನು.

"ಅಂತೂ ಒಲೆ ಮುಂದೆ ಕೂರೋದು ಕಲಿತೆಯಲ್ಲ," ಎಂದು ಅವಳು ನಗಲು ಹೋದಳು. ಅವನ ಕಣ್ಣು ನೋಡಿ ನಗು ಅರ್ಧಕ್ಕೆ ನಿಂತಿತು. ಆ ಕಣ್ಣಿನಲ್ಲಿ ಅವಳು ಇರಲಿಲ್ಲ. ಅರ್ಧ ಇದ್ದಳೋ ಏನೋ.

ಬೀದಿಯಲ್ಲಿ ಇನ್ನೊಬ್ಬ ಎರಡು ಮನೆಗಳ ನಡುವಿನ ಸಂದಿಯಲ್ಲಿ ನಿಂತು, ಯಾವ ಬಾಗಿಲೆಂದು ತಿಳಿಯದೆ ಗೋಡೆಯನ್ನೇ ತಟ್ಟುತ್ತಿದ್ದ. ನೀನು ಇಂಥವನು ಎಂದು ಬಾಯಲ್ಲಿ ಹೇಳಿದರೆ ಅವರು ತಲೆಯಾಡಿಸುತ್ತಿದ್ದರು, ಆದರೆ ನಂಬುತ್ತಿರಲಿಲ್ಲ. ಗೋಡೆಯಿಂದ ಬಂದದ್ದನ್ನು ಬಾಯಿಂದ ತಿದ್ದಲಾಗದು.

ಕೆತ್ತುವವಳು ಇದ್ಯಾವುದನ್ನೂ ನೋಡಲಿಲ್ಲ. ಅವಳು ಮೆಟ್ಟಿಲ ತಲೆಯಲ್ಲಿ ನಿಂತಿದ್ದಳು. ಒಬ್ಬೊಬ್ಬರೂ ಮಂಜಿನಿಂದ ಎದ್ದು ಬಂದರು, ಮೊದಲು ತಲೆ, ಆಮೇಲೆ ಸೊಂಟ, ಆಮೇಲೆ ಕಾಲು. ಕೊನೆಯವರೂ ಬಂದರು. ಮಗಳು ಬರಲಿಲ್ಲ.

ಮಂಜಿನಲ್ಲಿ ಉಳಿದವರು ಒಂದು ಸಂಜೆ ತಪ್ಪಿದರೆ ಮರುದಿನ ಬರಬಹುದು. ಎರಡನೆಯ ಸಂಜೆಯೂ ತಪ್ಪಿದರೆ ಅವರು ಮಂಜೇ ಆಗಿಬಿಡುತ್ತಾರೆ. ಅವರನ್ನು ಬಟ್ಟೆ ಹಿಂಡಿ ಕೊಡಕ್ಕೆ ತುಂಬಿದರೂ ಯಾರಿಗೂ ಗೊತ್ತಾಗುವುದಿಲ್ಲ. ಇದು ಊರಿಗೆಲ್ಲ ತಿಳಿದ ಮಾತು, ಆದ್ದರಿಂದಲೇ ಯಾರೂ ಅದನ್ನು ಕೆತ್ತುವವಳ ಮುಂದೆ ಆಡಲಿಲ್ಲ.

ಬೆಳಕು ಹರಿದಾಗ ನೀರಿನ ಯಜಮಾನಿ ಬಂದಳು. ನೀರನ್ನು ಮನೆಮನೆಗೆ ಹಂಚುವವಳು, ಊರಿನ ನ್ಯಾಯ ಹೇಳುವವಳೂ ಅವಳೇ. ಗೋಡೆಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. ಕೆತ್ತುವವಳನ್ನು ಬೈಯಲಿಲ್ಲ. ಅದೇ ಬೈಗುಳಕ್ಕಿಂತ ಹೆಚ್ಚಾಯಿತು.

"ಈ ನಾಲ್ಕು ಕಲ್ಲು ಇಳಿಸಬೇಕು. ಸರಿಯಾದ ಅಗಲದ ಕಲ್ಲು ಕೂರಿಸಬೇಕು. ಆಮೇಲೆ ಅರ್ಧಂಬರ್ಧ ಬಂದವರನ್ನು ಅವರ ಮನೆಯವರೇ ಕೈಹಿಡಿದು ತಂದು ಅವರವರ ಜಾಗ ಮುಟ್ಟಿಸಲಿ. ಮತ್ತೆ ಇಳಿಯಲಿ, ಮರೆಯಲಿ, ಓದಿಕೊಂಡು ಬರಲಿ."

"ಸರಿಯಾದ ಅಗಲಕ್ಕೆ ಹೊಸದಾಗಿ ಹೆಸರು ಕೊರೀತೀನಿ ಅಮ್ಮಾವ್ರೇ," ಎಂದಳು ಕೆತ್ತುವವಳು.

"ಒಂದು ಅಕ್ಷರಕ್ಕೆ ಎಷ್ಟು ಹೊತ್ತು ಬೇಕು ಅಂತ ನನಗೂ ಗೊತ್ತು, ನಿನಗೂ ಗೊತ್ತು. ಸಂಜೆಯೊಳಗೆ ನಾಲ್ಕು ಆಗುತ್ತದಾ?"

ಕೆತ್ತುವವಳು ಕೈಯಲ್ಲಿದ್ದ ಉಳಿಯನ್ನು ನೋಡಿದಳು.

"ಖಾಲಿ ಚೌಕ ಇಡು," ಎಂದಳು ಯಜಮಾನಿ ಮೆಲ್ಲಗೆ.

ಈ ಮಾತು ಎಂಥದ್ದೆಂದು ತಿಳಿಯಬೇಕು. ಹೆಸರಿದ್ದ ಜಾಗದಲ್ಲಿ ಮತ್ತೆ ಖಾಲಿ ಚೌಕ ಇಡುತ್ತಿದ್ದುದು ಆ ಮನುಷ್ಯ ಸತ್ತಾಗ ಮಾತ್ರ. ಬೇರೆ ಊರಿನಲ್ಲಿ ಮಣ್ಣು ಹಾಕುತ್ತಾರಲ್ಲ, ಇಲ್ಲಿ ಹಾಗೆ ಖಾಲಿ ಕಲ್ಲು.

"ನನ್ನ ಮಗಳ ಹೆಸರು ನಾನು ಇಳಿಸಲ್ಲ," ಎಂದಳು ಕೆತ್ತುವವಳು. ಅವಳ ದನಿ ಏರಿತು. "ಅವಳು ಇವತ್ತು ಸಂಜೆ ನೋಡಬೇಕು. ನೋಡುವಾಗ ಅಲ್ಲಿ ಹೆಸರು ಇರಬೇಕು. ಸುರುಳಿ ಸಾಲದಿದ್ದರೆ ಇನ್ನೂ ದೊಡ್ಡದು ಮಾಡ್ತೀನಿ. ಅವಳಿಗೆ ಕಾಣೋ ಹಾಗೆ ಮಾಡ್ತೀನಿ!"

"ಏನು ಕಾಣುತ್ತೆ ಅಂತ ನೋಡಿದ್ದೀಯ?" ಎಂದ ಹಗ್ಗದವನು. ಅಷ್ಟು ಹೊತ್ತೂ ಹಗ್ಗದ ಸಿಂಬಿಯ ಮೇಲೆ ಕೂತಿದ್ದವನು ಈಗ ಎದ್ದ. "ಬಾ ಅಮ್ಮಣ್ಣೀ. ತಲೆ ಮುಳುಗಲು ಬಿಡಲ್ಲ. ಕುತ್ತಿಗೆವರೆಗೆ."

ಹಗ್ಗವನ್ನು ಅವಳ ಸೊಂಟಕ್ಕೆ ಕಟ್ಟಿ ಅವನು ಮೇಲೆ ಹಿಡಿದು ನಿಂತ. ಕೆತ್ತುವವಳು ಎಂದೂ ಇಳಿಯದ ಮೆಟ್ಟಿಲುಗಳನ್ನು ಇಳಿದಳು. ಕಾಲು ಬೆಳ್ಳಗಾಯಿತು, ಸೊಂಟ ಬೆಳ್ಳಗಾಯಿತು. ಮಂಜು ತಣ್ಣಗಿತ್ತು, ಒದ್ದೆ ಹತ್ತಿಯ ವಾಸನೆಯಿತ್ತು. ಕುತ್ತಿಗೆಗೆ ಬರುವಾಗ ಕೈಯಲ್ಲಿ ಹಿಡಿದಿದ್ದ ವಸ್ತುವಿಗೆ ಏನೆನ್ನುತ್ತಾರೆಂದು ಅವಳಿಗೆ ಹೊಳೆಯಲಿಲ್ಲ. ಅದು ಅವಳ ಉಳಿ. ಅವಳು ಹೆದರಿ, ತಿರುಗಿ, ತಲೆಯೆತ್ತಿದಳು.

ಮೊದಲ ಬಾರಿಗೆ ಗೋಡೆಯನ್ನು ಕಂಡಳು.

ಮಂಜಿನ ಆವಿ ಅವಳ ಮತ್ತು ಗೋಡೆಯ ನಡುವೆ ಏಳುತ್ತಿತ್ತು. ಅದರಾಚೆ ಅಕ್ಷರಗಳು ನಿಂತಿದ್ದವು. ದಪ್ಪಗೆ, ಬಾಲವಿಲ್ಲದೆ, ತಮ್ಮತಮ್ಮ ಚೌಕಗಳಲ್ಲಿ. ಸತ್ತ ತಾಯಿ ಕೆತ್ತಿದ್ದು, ತಾಯಿಯ ತಾಯಿ ಕೆತ್ತಿದ್ದು, ತಾನು ಬೇಸರದಲ್ಲಿ ಕೆತ್ತಿದ್ದು, ನಿದ್ದೆಗಣ್ಣಿನಲ್ಲಿ ಕೆತ್ತಿದ್ದು, ಎಲ್ಲವೂ ಕೈಬೀಸಿ ಕರೆಯುವ ಜನರ ಹಾಗೆ ಕಾಣುತ್ತಿದ್ದವು. ಅಕ್ಷರಗಳ ಕಣ್ಣುಗಳೆಲ್ಲ ತೆರೆದಿದ್ದವು. ಹತ್ತಿರದಿಂದ ಒಡ್ಡೊಡ್ಡಾಗಿ ಕಾಣುತ್ತಿದ್ದುದೆಲ್ಲ ಇಲ್ಲಿಂದ ಎಷ್ಟು ಕರುಣೆಯಿಂದ ಕೂಡಿತ್ತು ಎಂದರೆ ಅವಳಿಗೆ ಅಳು ಬಂತು.

ನಡುವಿನ ಸಾಲಿನಲ್ಲಿ ಒಂದು ಒದ್ದೆ ಕಲೆ ಇತ್ತು. ಮಸಿಯ ಬಟ್ಟೆಯಿಂದ ಒರೆಸಿದ ಹಾಗೆ. ತೆಳ್ಳನೆಯ ಗೆರೆಗಳು ಇಲ್ಲವೇ ಇಲ್ಲ, ಮಂಜು ಕುಡಿದುಬಿಟ್ಟಿತ್ತು. ಸುರುಳಿಗಳು ಒಂದಕ್ಕೊಂದು ಕಲಸಿಕೊಂಡು ಕಣ್ಣುಗಳನ್ನು ಮುಚ್ಚಿದ್ದವು. ಅದು ಏನೆಂದು ಅವಳಿಗೆ ತಿಳಿಯಲಿಲ್ಲ. ಕೆತ್ತಿದವಳಿಗೇ ತಿಳಿಯಲಿಲ್ಲ. ಆಮೇಲೆ ತಿಳಿಯಿತು.

ಅವಳು ಕಣ್ಣು ಬೇರೆಡೆ ತಿರುಗಿಸಿದಳು. ಆಗ ಮೇಲಿನ ಸಾಲಿನಲ್ಲಿ ಇನ್ನೊಂದು ಕಂಡಿತು. ಇತ್ತೀಚೆಗೆ ಹುಟ್ಟಿದ ಯಾವುದೋ ಕೂಸಿನ ಖಾಲಿ ಚೌಕಗಳು. ಎಡಕ್ಕೆ ಕಪ್ಪು ಅಕ್ಷರ, ಬಲಕ್ಕೆ ಕಪ್ಪು ಅಕ್ಷರ, ನಡುವೆ ಬಿಳಿಯ ಬಯಲು. ಅದಕ್ಕೆ ಎಷ್ಟು ಅಗಲ ಬೇಕೋ ಸರಿಯಾಗಿ ಅಷ್ಟೇ ಅಗಲ. ಸುತ್ತಲಿನವರೆಲ್ಲ ನೆಟ್ಟಗೆ ತಮ್ಮ ಜಾಗದಲ್ಲಿ ನಿಂತಿದ್ದರಿಂದ ಆ ಖಾಲಿ ಜಾಗ ತೆರೆದ ಕಿಟಕಿಯಂತೆ ಕಾಣುತ್ತಿತ್ತು. ಇಲ್ಲಿ ಒಬ್ಬರು ಬರಬೇಕಾಗಿದೆ ಎಂದು ಅದು ಹೇಳುತ್ತಿತ್ತು.

"ಎಳೆಯಲಾ?" ಎಂದು ಕೂಗಿದ ಹಗ್ಗದವನು.

"ಎಳಿ ಮಾವ!"

ಮೇಲೆ ಬಂದವಳು ನೇರ ಮನೆಯ ಅಂಗಳಕ್ಕೆ ನಡೆದಳು. ಇಳಿಸಿ ತಂದ ನಾಲ್ಕು ಖಾಲಿ ಕಲ್ಲುಗಳ ಮೇಲೆ ನೀರಿನ ಕೊಡಗಳನ್ನು ಇಟ್ಟಿದ್ದಳು. ಕೊಡಗಳನ್ನು ಕೆಳಗಿಟ್ಟು ಕಲ್ಲುಗಳನ್ನು ಒರೆಸಿದಳು. ಮೊದಲ ಕಲ್ಲಿನ ತಗ್ಗಿನಲ್ಲಿ ಸ್ವಲ್ಪ ನೀರು ನಿಂತಿತ್ತು, ಅದನ್ನು ಸೆರಗಿನಿಂದ ಹೀರಿಸಿದಳು. ಖಾಲಿ ಕಲ್ಲಿಗೆ ಯಾರೂ ಏನೂ ಹೇಳುವ ಪದ್ಧತಿಯಿರಲಿಲ್ಲ. ಅವಳು ಬಾಗಿ ಹೇಳಿದಳು:

"ನಿನ್ನ ಚೌಕದಲ್ಲೇ ನಿಲ್ಲು."

ತಾನೇ ಸುರುಳಿಯ ಅಕ್ಷರಗಳನ್ನು ಒಂದೊಂದಾಗಿ ಕಳಚಿದಳು. ತಾನೇ ಖಾಲಿ ಕಲ್ಲುಗಳನ್ನು ಕೂರಿಸಿದಳು. ಹಗ್ಗದವನು ಸಾಲುಗಳನ್ನು ಹಿಂದಕ್ಕೆಳೆದ, ತಪ್ಪಿಹೋಗಿದ್ದ ಕಲ್ಲುಗಳು ಮೇಲಿನ ಸಾಲಿಗೆ ಮರಳಿದವು, ಕಲ್ಲಿಗೆ ಕಲ್ಲು ಸೇರುವ ಸದ್ದು ಗೋಡೆಯುದ್ದಕ್ಕೂ ಓಡಿತು. ನೆರೆದವರಲ್ಲಿ ಕೆಲವರು ಕಣ್ಣೊರೆಸಿಕೊಂಡರು. ತಾಯಿ ಮಗಳ ಆಸೆ ಬಿಟ್ಟಳು ಎಂದುಕೊಂಡರು. ಯಜಮಾನಿ ಅವಳ ಭುಜದ ಮೇಲೆ ಕೈಯಿಟ್ಟಳು.

"ಗಟ್ಟಿ ಹೆಂಗಸು," ಎಂದಳು.

"ನಾನು ಮಣ್ಣು ಹಾಕ್ತಾ ಇಲ್ಲ ಅಮ್ಮಾವ್ರೇ," ಎಂದಳು ಕೆತ್ತುವವಳು. "ಬಾಗಿಲು ತೆಗೀತಾ ಇದ್ದೀನಿ."

ಯಜಮಾನಿಗೆ ಅರ್ಥವಾಗಲಿಲ್ಲ, ಆದರೂ ಕೈ ತೆಗೆಯಲಿಲ್ಲ.

ಆಮೇಲೆ ಹೆಂಡತಿಯರು ಗಂಡಂದಿರನ್ನು, ಅಣ್ಣಂದಿರು ತಂಗಿಯರನ್ನು ಮಣಿಕಟ್ಟು ಹಿಡಿದು ತಂದರು. "ಇಲ್ಲಿ, ಇಲ್ಲಿ ಊರು. ಅದು ರೊಟ್ಟಿಯವಳದ್ದು, ಮುಟ್ಟಬೇಡ," ಎಂದು ಚಪ್ಪಲಿಯವನ ಹೆಂಡತಿ ಅವನ ಅಂಗೈಯನ್ನು ಸರಿಯಾದ ಜಾಗಕ್ಕೆ ಒತ್ತಿ ಹಿಡಿದಳು. ಎಲ್ಲರೂ ಇಳಿದರು. ಹರಡಿದರು, ಹಿಂಡಿದರು, ಮರೆತರು.

ಸಂಜೆಯಾಯಿತು. ತಲೆಗಳು ಮಂಜಿನಿಂದ ಎದ್ದವು. ಚಪ್ಪಲಿಯವನು ಬಂದವನೇ ಹೆಂಡತಿಯನ್ನು ನೋಡಿ, "ನನ್ನ ಚಪ್ಪಲಿ ಯಾರೇ ಸುಟ್ಟಿದ್ದು?" ಎಂದ. ಅವಳು ಅಲ್ಲೇ ಕೂತು ನಕ್ಕಳು, ನಗುತ್ತ ಅ‍ತ್ತಳು. ರೊಟ್ಟಿಯವಳು ಬಂದಳು. ಸಂದಿಯ ಗೋಡೆ ತಟ್ಟಿದವನು ನೇರ ತನ್ನ ಬಾಗಿಲಿಗೆ ಹೋದ. ಒಬ್ಬೊಬ್ಬರಾಗಿ ಎಲ್ಲರೂ ಬಂದರು, ಮೆಟ್ಟಿಲು ಖಾಲಿಯಾಯಿತು. ಹಗ್ಗದವನು ಹಗ್ಗ ಸುತ್ತತೊಡಗಿದ, ಅರ್ಧ ಸುತ್ತಿ ನಿಲ್ಲಿಸಿದ. ಕೆತ್ತುವವಳು ಗೋಡೆಗೆ ಒರಗಿ ಮಂಜನ್ನೇ ನೋಡುತ್ತಿದ್ದಳು. ಹೆಸರು ಕೂಗಬೇಕೆಂದು ಬಾಯಿ ತೆರೆದಳು. ಆ ಕಿವಿಗೆ ಅದು ಬರೀ ಸದ್ದು ಎಂಬುದು ನೆನಪಾಗಿ ಮುಚ್ಚಿದಳು.

ಆಗ ಮಂಜಿನಿಂದ ಒಂದು ಕೈ ಎದ್ದಿತು. ತಲೆಯಲ್ಲ, ಮೊದಲು ಕೈ. ನೀರು ಸೋರುತ್ತಿದ್ದ ಅಂಗೈ, ಗೋಡೆಯ ಕಡೆಗೆ ಚಾಚಿದ್ದು. ಆಮೇಲೆ ಜಡೆ, ಆಮೇಲೆ ಸೊಂಟ, ಆಮೇಲೆ ಕಾಲು. ಅವಳ ಮೈಯ ಅಂಚುಗಳು ಅಲ್ಲಲ್ಲಿ ಬೆಳ್ಳಗಾಗಿದ್ದವು, ಬೆರಳ ತುದಿಗಳ ಮೂಲಕ ಆಚೆಯ ಬೆಳಕು ಕಾಣುತ್ತಿತ್ತು. ಹುಡುಗಿ ಅಮ್ಮನನ್ನು ನೋಡಿದಳು, ದಾರಿಯಲ್ಲಿ ಸಿಕ್ಕ ಯಾರನ್ನೋ ನೋಡುವ ಹಾಗೆ. ದಾಟಿ ಹೋದಳು. ಗೋಡೆಯ ಮುಂದೆ ನಿಂತು, ನಡುವಿನ ಸಾಲಿನ ಮೊದಲ ಖಾಲಿ ಚೌಕದ ತಗ್ಗಿನಲ್ಲಿ ಅಂಗೈ ಊರಿದಳು. ಕೈ ಅಲ್ಲಿ ಸರಿಯಾಗಿ ಕೂತಿತು.

ಕೆತ್ತುವವಳು ಮೆಲ್ಲಗೆ ಕೇಳಿದಳು, "ಇಲ್ಲಿಗೆ ಯಾಕೆ ಬಂದೆಯಮ್ಮ?"

"ಎಲ್ಲರ ಜಾಗದಲ್ಲೂ ಯಾರೋ ನಿಂತಿದ್ದರು," ಎಂದಳು ಹುಡುಗಿ, ನಿಧಾನವಾಗಿ, ಒಂದೊಂದು ಮಾತನ್ನೂ ಹೊಸದಾಗಿ ಹುಡುಕಿಕೊಳ್ಳುತ್ತ. "ನನ್ನ ಕೈ ಚಾಚಿದ ಈ ಜಾಗ ಖಾಲಿ ಇತ್ತು. ನನ್ನದೇ ಇರಬೇಕು ಅಂತ ಬಂದೆ."

ಬೆರಳ ತುದಿಗಳಿಗೆ ಬಣ್ಣ ಮರಳಿತು. ಅವಳು ಕಲ್ಲಿನ ಮೇಲಿನ ತಗ್ಗನ್ನು ನೋಡಿದಳು, ತನ್ನ ಕೈ ನೋಡಿದಳು, ಆಮೇಲೆ ತಿರುಗಿ ನೋಡಿದಳು.

"ಅಮ್ಮ, ನನ್ನ ಹೆಸರು ಬರೆದೇ ಇಲ್ಲವಲ್ಲೇ!"

ಮರುದಿನ ಕೆತ್ತುವವಳು ಹೊಸ ಕಲ್ಲು ಹುಡುಕಲಿಲ್ಲ. ಆ ಹಳೆಯ ನಾಲ್ಕು ಕಲ್ಲುಗಳನ್ನೇ ಕೆಳಗಿಳಿಸಿಕೊಂಡಳು. ಮಗಳು ಪಕ್ಕದಲ್ಲಿ ಕೂತು ಅರಗು ಕಲಸಿದಳು. ಕೆತ್ತುವವಳು ಬಾಗಿ, ಹೇಳಬೇಕಾದ ಮಾತನ್ನು ಪೂರ್ತಿ ಹೇಳಿದಳು. ದಪ್ಪಗಿರು. ಬಾಲ ಬಿಡಬೇಡ. ನಿನ್ನ ಚೌಕದಲ್ಲೇ ನಿಲ್ಲು. ನಾಲ್ಕು ಬೆರಳಿನ ಗೆರೆ ಎಳೆದಳು, ಮೊಟಕಾಗಿ ನಿಲ್ಲಿಸಿದಳು, ಕಣ್ಣು ಬಿಡಿಸಿದಳು. ಊರಿನ ಎಲ್ಲ ಅಕ್ಷರಗಳಂಥದ್ದೇ ಅಕ್ಷರ. ಕೆಳಗಿನಿಂದ ನೋಡಿದರೆ ಯಾವ ವ್ಯತ್ಯಾಸವೂ ಕಾಣದು. ಆದರೆ ಬೆಳಿಗ್ಗೆ ಮುಟ್ಟುವ ಹೊತ್ತಿನಲ್ಲಿ, ಆ ಮೊದಲ ಅಕ್ಷರದ ತೆರೆದ ಕಣ್ಣಿನೊಳಗೆ, ಚಿಕ್ಕಂದಿನಿಂದ ಸವೆದ ಆ ನುಣುಪು ಮಗಳ ಅಂಗೈಗೆ ಸಿಗುತ್ತಿತ್ತು.